ಮೂವತ್ತೆಂಟು ತೊಲದ ಡಾಬು

ಮೂವತ್ತಾರು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸಿ 2018ರಲ್ಲಿ ನಿವೃತ್ತನಾದ ಮೇಲೆ ಲೆಕ್ಕ ಹಾಕಲು ನನಗೆ ಉಳಿದದ್ದು ಹಾಲಿನ ಲೆಕ್ಕ, ಕರೆಂಟಿನ ಬಿಲ್ಲು, ಇಷ್ಟೇ. ಹೀಗಿರುವಾಗ 2025ರ ಕೊನೆಯಲ್ಲಿ ಬೆಳ್ಳಿಯ ದರ ಎಲ್ಲರ ಬಾಯಲ್ಲೂ ಬಂದಿತು. 2024ರ ಅಕ್ಟೋಬರಿನಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿ ಮುಟ್ಟಿದ್ದ ಬೆಳ್ಳಿ ಮರುವರ್ಷದ ಡಿಸೆಂಬರಿನಲ್ಲಿ ಎರಡು ಲಕ್ಷವನ್ನು ದಾಟಿತು. ಬೆಂಗಳೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದಾಗ, "ಸಾರ್, ಮನೆಯ ಬೆಳ್ಳಿಯನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ, ಮುಂದೆ ಮಕ್ಕಳಿಗೆ ಅನುಕೂಲ" ಎಂದು ಹೇಳಿ, ತಾನೇ ಕುಳಿತು ಹಾಳೆಯನ್ನು ಸಿದ್ಧಪಡಿಸಿಕೊಟ್ಟು ಹೋದ. ವಸ್ತು, ತೊಲ, ಗ್ರಾಂ, ಶುದ್ಧತೆ, ಬೆಲೆ, ಯಾರ ಬಳಿ ಇದೆ ಎಂದು ಆರು ಕಾಲಂಗಳು. ಮೇಲಿನ ಒಂದು ಚೌಕದಲ್ಲಿ ಆ ದಿನದ ದರವನ್ನು ಬದಲಾಯಿಸಿದರೆ ಸಾಕು, ಕೆಳಗಿನ ಬೆಲೆಗಳೆಲ್ಲ ತಾವೇ ಬದಲಾಗುತ್ತವೆ. ಮಗ್ಗಿಯನ್ನು ಬಾಯಿಪಾಠ ಮಾಡಿಸಿದವನಿಗೆ ಇದು ಮಾಯಾಜಾಲದಂತೆಯೇ ಕಂಡಿತು.

ನನ್ನ ಬಳಿ ಮೂಲ ದಾಖಲೆಯೊಂದಿತ್ತು. 1976ರಲ್ಲಿ, ಅಕ್ಕನ ಮದುವೆಗೆ ಒಂದು ವರ್ಷ ಮೊದಲು, ಅಪ್ಪ ತಮ್ಮ ಲೆಕ್ಕದ ಪುಸ್ತಕದಲ್ಲಿ ಮನೆಯ ಬೆಳ್ಳಿಯನ್ನೆಲ್ಲ ಬರೆದಿಟ್ಟಿದ್ದರು. ಡಾಬು 38 ತೊಲ, ದೀಪದ ಕಂಬದ ಜೋಡಿ 30, ಲಿಂಗದ ಕರಡಿಗೆ 9, ತಂಬಿಗೆ 24, ಆರತಿ ತಟ್ಟೆ 15, ಕಾಲ್ಗಡಗದ ಜೋಡಿ 19, ಬೆಳ್ಳಿಯ ರೂಪಾಯಿ 20. ಒಟ್ಟು 155 ತೊಲ. ಇದೆಲ್ಲವೂ ಅವ್ವ ತವರಿನಿಂದ ತಂದದ್ದು. ಡಾಬಿನ ಮುಂದೆ ಅಪ್ಪನ ಅಕ್ಷರದಲ್ಲಿ "ಮಗಳಿಗೆ" ಎಂದಿತ್ತು.

ಅವ್ವ ತೀರಿಕೊಂಡದ್ದು 2011ರಲ್ಲಿ. ಆ ವರ್ಷ ನಾವು ಮೂವರು ಗಂಡುಮಕ್ಕಳು ಕುಳಿತು ಬೆಳ್ಳಿಯನ್ನು ಪಾಲು ಮಾಡಿಕೊಂಡೆವು. ಪಟ್ಟಿಯನ್ನು ಓದಿದವನೂ, ಪಾಲು ಹಾಕಿದವನೂ ನಾನೇ. "ಡಾಬು ಅಕ್ಕನಿಗೆ ಹೋಗಿದೆ, 38 ತೊಲ. ಉಳಿದದ್ದು 117. ಮೂರರಿಂದ ಭಾಗಿಸಿದರೆ ತಲಾ 39" ಎಂದೆ. ಅಣ್ಣನಿಗೆ ದೀಪದ ಕಂಬ ಮತ್ತು ಕರಡಿಗೆ, ನನಗೆ ತಂಬಿಗೆ ಮತ್ತು ಆರತಿ ತಟ್ಟೆ, ತಮ್ಮನಿಗೆ ಕಾಲ್ಗಡಗ ಮತ್ತು ರೂಪಾಯಿಗಳು. ಶೇಷವಿಲ್ಲದ ಭಾಗಾಕಾರ! ಸೊರಬದಿಂದ ಬಂದಿದ್ದ ಅಕ್ಕ ಬಾಗಿಲ ಬಳಿ ಕುಳಿತು ಕೇಳುತ್ತಿದ್ದಳು, ಏನೂ ಹೇಳಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಹದಿನಾಲ್ಕು ವರ್ಷಗಳ ನಂತರ ಹಾಳೆಯನ್ನು ತುಂಬಲು ಕುಳಿತಾಗ, ನನ್ನ ಆ ಭಾಗಾಕಾರ ಒಂದೊಂದಾಗಿ ತಪ್ಪಾಗತೊಡಗಿತು.

ಮೊದಲನೆಯದು ರೂಪಾಯಿಗಳದು. ರೂಪಾಯಿ ಎಂಬ ಹೆಸರೇ ಬೆಳ್ಳಿ ಎಂಬ ಅರ್ಥದ "ರೂಪ್ಯ"ದಿಂದ ಬಂದದ್ದು. ಬ್ರಿಟಿಷರ ಕಾಲದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದಕ್ಕಾಗಿಯೇ ಅದನ್ನು ತೂಕದ ಬೊಟ್ಟಾಗಿಯೂ ಬಳಸುತ್ತಿದ್ದರು. ಹಿಂದಿನ ರೂಪಾಯಿಗಳಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ ಇರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಅದನ್ನು ಅರ್ಧಕ್ಕೆ ಇಳಿಸಿ ಉಳಿದರ್ಧಕ್ಕೆ ತಾಮ್ರ, ನಿಕ್ಕಲ್, ಸತುಗಳನ್ನು ಬೆರೆಸಿದರು. ತೂಕ ಮಾತ್ರ ಅಷ್ಟೇ ಉಳಿಯಿತು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್ ನಾಣ್ಯ. ತಮ್ಮನ ಇಪ್ಪತ್ತು ರೂಪಾಯಿಗಳಲ್ಲಿ ಆರು, 1940ರ ನಂತರದ ಆರನೆಯ ಜಾರ್ಜ್ ಛಾಪಿನವು. ಎಲ್ಲವೂ ಹಳೆಯವಾಗಿದ್ದರೆ 214 ಗ್ರಾಂ ಶುದ್ಧ ಬೆಳ್ಳಿ ಇರಬೇಕಿತ್ತು, ಈಗ ಇರುವುದು 185 ಗ್ರಾಂ ಮಾತ್ರ.

ಎರಡನೆಯದು ಕಾಲ್ಗಡಗ. ಸರಾಫರು ಅದನ್ನು ತಟ್ಟಿ ನೋಡಿ, "ಮೇಷ್ಟ್ರೇ, ಒಳಗೆ ಟೊಳ್ಳು, ಅರಗು ತುಂಬಿದ್ದಾರೆ. ಕರಗಿಸಿದರೆ ಈ ತೂಕ ಬರುವುದಿಲ್ಲ" ಎಂದರು. ನನ್ನ ಪಾಲಿನ ತಂಬಿಗೆ ಗಟ್ಟಿ ಬೆಳ್ಳಿಯದು. ಆರ್ಕಿಮಿಡೀಸನ ತತ್ತ್ವವನ್ನು ಎಷ್ಟೋ ಬಾರಿ ಹಲಗೆಯ ಮೇಲೆ ಬರೆದವನು ನಾನು, ಈ ಬಾರಿ ಅಡುಗೆಮನೆಯಲ್ಲೇ ಪ್ರಯೋಗ ಮಾಡಿದೆ. 280 ಗ್ರಾಂ ತೂಕದ ತಂಬಿಗೆ ತುಂಬಿದ ಪಾತ್ರೆಯಿಂದ ಹೊರಚೆಲ್ಲಿದ ನೀರು 27 ಮಿಲಿಲೀಟರ್. ಸಾಂದ್ರತೆ 10.4ರ ಹತ್ತಿರ. ಶುದ್ಧ ಬೆಳ್ಳಿಯದು 10.5, ಹಿತ್ತಾಳೆಯದು ಎಂಟೂವರೆಯ ಆಸುಪಾಸು. ಹೀಗೆ ತೊಲದಲ್ಲಿ ಸಮವಾಗಿದ್ದ ಪಾಲು ಬೆಳ್ಳಿಯಲ್ಲಿ ಸಮವಾಗಿರಲಿಲ್ಲ. ಗಟ್ಟಿ ಪದಾರ್ಥ ನನಗೆ, ಅರಗು ತಮ್ಮನಿಗೆ! ಫೋನಿನಲ್ಲಿ ಹೇಳಿದಾಗ ಅವನು ಜೋರಾಗಿ ನಕ್ಕು, "ಲೆಕ್ಕದ ಮೇಷ್ಟ್ರು ಪಾಲು ಹಾಕಿದ ಮೇಲೆ ಇನ್ನೇನಾಗಬೇಕಿತ್ತು ಬಿಡಣ್ಣ" ಎಂದ.

ಇನ್ನು ಉಳಿದದ್ದು ಡಾಬು. "ಯಾರ ಬಳಿ ಇದೆ" ಎಂಬ ಕಾಲಂನಲ್ಲಿ "ಅಕ್ಕ, ಸೊರಬ" ಎಂದು ಬರೆದಾಗಿತ್ತು. ಆದರೆ ಶುದ್ಧತೆಯ ಕಾಲಂ ಖಾಲಿ. ನೋಡದೆ ಬರೆಯುವುದು ಸರಿಯಲ್ಲವೆಂದು ಚಿಕ್ಕ ತಕ್ಕಡಿಯೊಂದನ್ನು ಚೀಲದಲ್ಲಿಟ್ಟುಕೊಂಡು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸೊರಬಕ್ಕೆ ಹೋದೆ.

ಊಟವಾದ ಮೇಲೆ, "ಅಕ್ಕ, ಆ ಡಾಬು ಸ್ವಲ್ಪ ತೆಗಿ, ತೂಕ ಬರೆದುಕೊಳ್ಳಬೇಕು" ಎಂದೆ. ಅಡಿಕೆ ಕತ್ತರಿಸುತ್ತಿದ್ದ ಅಕ್ಕ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ನಿನಗೆ ನಿಜವಾಗಿಯೂ ಗೊತ್ತಿಲ್ಲವೇನೋ? ಅದು ನೀನು ಬಿ.ಎಡ್. ಓದಿದ ವರ್ಷವೇ ಹೋಯಿತಲ್ಲೋ."

ವಿಷಯ ಇಷ್ಟು. 1980ರ ಜೂನ್ ತಿಂಗಳು. ನನಗೆ ಶಿವಮೊಗ್ಗದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಹಿಂದಿನ ವರ್ಷದ ಬೆಳೆ ಕೈಕೊಟ್ಟಿದ್ದರಿಂದ ಫೀಸಿಗೂ ಊಟ ವಸತಿಗೂ ಅಪ್ಪನ ಬಳಿ ಹಣವಿರಲಿಲ್ಲ. ಸಾಲ ಕೇಳಲೆಂದು ಸೊರಬಕ್ಕೆ ಹೋದ ಅಪ್ಪ ಭಾವನವರ ಮುಂದೆ ಬಾಯಿ ತೆರೆಯಲಾರದೆ ಕುಳಿತಿದ್ದರಂತೆ. ಅಕ್ಕನೇ ಅರ್ಥಮಾಡಿಕೊಂಡು, ಭಾವನವರಿಗೆ ಹೇಳಿ, ಡಾಬನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗಿತ್ತಳು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ರಾಶಿಯಾಗಿ ಕೊಂಡಿದ್ದರ ಫಲವಾಗಿ ಅದರ ದರ ಔನ್ಸಿಗೆ ಐವತ್ತು ಡಾಲರಿನ ಸಮೀಪಕ್ಕೆ ಏರಿ, ಮಾರ್ಚ್ 27ರಂದು ಹನ್ನೊಂದು ಡಾಲರಿಗಿಂತ ಕೆಳಕ್ಕೆ ಕುಸಿದಿತ್ತು. ಅಪ್ಪನಿಗೆ ಇದಾವುದೂ ತಿಳಿದಿರಲಿಲ್ಲ. ನಮ್ಮಲ್ಲಿ ಆಗ ಕಿಲೋಗೆ ಎರಡೂವರೆ ಮೂರು ಸಾವಿರದ ಆಸುಪಾಸು ದರ. ಸವಕಳಿ, ಬೆರಕೆಗಳನ್ನು ಕಳೆದು ಸಾವಿರದ ಚಿಲ್ಲರೆ ರೂಪಾಯಿ ಬಂದಿತಂತೆ. ಅದರಲ್ಲಿ ನಾನು ಮೇಷ್ಟ್ರಾದೆ.

"ಮನೆಯವರು ಕೇಳಿದರೆ ಏನು ಹೇಳುತ್ತಿದ್ದೆ?" ಎಂದೆ.

"ತವರಿನಲ್ಲಿ ಭದ್ರವಾಗಿದೆ ಅನ್ನುತ್ತಿದ್ದೆ. ಅವ್ವ ನಿಮಗೆಲ್ಲ ಸೊರಬದಲ್ಲಿದೆ ಅನ್ನುತ್ತಿದ್ದಳು. ಹುಡುಗನ ಓದು ಮುಗಿಯುವ ತನಕ ಅಂತ ಶುರುವಾದ ಮಾತು, ಹಾಗೇ ಉಳಿದುಹೋಯಿತು."

ಇಲ್ಲದ ವಸ್ತುವನ್ನು ಎರಡು ಊರುಗಳು ನಲವತ್ತೈದು ವರ್ಷ ಭದ್ರವಾಗಿ ಕಾಪಾಡಿದ್ದವು. 2011ರಲ್ಲಿ ಆ ಇಲ್ಲದ ವಸ್ತುವನ್ನೇ ನಾನು ಅಕ್ಕನ ಪಾಲಿಗೆ ಹಾಕಿ, ಇದ್ದದ್ದನ್ನೆಲ್ಲ ನಾವು ಹಂಚಿಕೊಂಡಿದ್ದೆವು. ತಾಯಿಯ ಸ್ವತ್ತಿನಲ್ಲಿ ಮಗಳಿಗೂ ಮಗನಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಅದು ನನಗೆ ತಿಳಿಯದ್ದೇನಲ್ಲ. 117ನ್ನು ನಾಲ್ಕರಿಂದ ಭಾಗಿಸಬೇಕಾಗಿತ್ತು, ನಾನು ಮೂರರಿಂದ ಭಾಗಿಸಿದ್ದೆ. ವಿದ್ಯಾರ್ಥಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ನಾಚಿಕೆಯನ್ನು ಮುಚ್ಚಿಕೊಳ್ಳಲು ಕೂಡಲೇ ಲೆಕ್ಕಕ್ಕೆ ಇಳಿದೆ. 38 ತೊಲವೆಂದರೆ 443 ಗ್ರಾಂ, ಶೇಕಡಾ 90 ಶುದ್ಧವೆಂದರೂ 399, ಕಿಲೋಗೆ ಎರಡು ಲಕ್ಷವೆಂದು ಹಿಡಿದರೆ ಎಂಬತ್ತು ಸಾವಿರ ರೂಪಾಯಿ. "ಅಷ್ಟನ್ನು ನಾನು ಕೊಡಬೇಕು ಅಕ್ಕ" ಎಂದೆ.

"ಕೊಟ್ಟದ್ದು ನಿನಗಲ್ಲ, ಅಪ್ಪನಿಗೆ. ನೀನು ಹೇಗೆ ತೀರಿಸುತ್ತೀ?" ಎಂದು ಅಡಿಕೆ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಇಲ್ಲದ್ದನ್ನು ಬರೆಯಬೇಡ, ಅಷ್ಟೇ" ಎಂದಳು.

ಹಿಂದಿರುಗುವಾಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಅಲ್ಲಿಗೆ ಸಮೀಪದಲ್ಲೇ ಬಳ್ಳಿಗಾವಿ. ಎಷ್ಟು ತಂಡದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇನೋ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೇದಾರೇಶ್ವರ ದೇವಾಲಯದ ದಾನಶಾಸನಗಳ ಮುಂದೆ ನಿಂತು ನಾನೇ ಹೇಳುತ್ತಿದ್ದೆ: "ನೋಡಿ ಮಕ್ಕಳೇ, ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏತಕ್ಕಾಗಿ ಕೊಟ್ಟರು ಎಂಬುದನ್ನೆಲ್ಲ ಕಲ್ಲಿನಲ್ಲಿ ಬರೆದಿದ್ದಾರೆ." ಸಾವಿರ ವರ್ಷದ ಹಿಂದಿನವರಿಗೆ ತಿಳಿದಿದ್ದ ಆ ಮೂರು ಕಾಲಂಗಳು ನನ್ನ ಹಾಳೆಯಲ್ಲಿ ಇರಲಿಲ್ಲ. ನನ್ನಲ್ಲಿದ್ದದ್ದು ಪ್ರತಿದಿನ ಬದಲಾಗುವ ದರದ ಕಾಲಂ ಮಾತ್ರ. ನಾವು ಪಾಲು ಮಾಡಿಕೊಂಡ 2011ರಲ್ಲಿಯೂ ಬೆಳ್ಳಿ ಐವತ್ತು ಡಾಲರಿನ ಹತ್ತಿರ ಹೋಗಿತ್ತು, 2015ರ ಕೊನೆಗೆ ಹದಿನಾಲ್ಕರ ಸುತ್ತ ಬಿದ್ದಿತ್ತು. ದರ ಏರುತ್ತದೆ, ಇಳಿಯುತ್ತದೆ. ಯಾರು ಏತಕ್ಕಾಗಿ ಕೊಟ್ಟರು ಎಂಬುದು ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬರೆದಿಡದಿದ್ದರೆ ಸುಳ್ಳಾಗುತ್ತದೆ, ಅಷ್ಟೇ.

ಮರುವಾರ ಮತ್ತೆ ಸೊರಬಕ್ಕೆ ಹೋದೆ. ಈ ಬಾರಿ ಚೀಲದಲ್ಲಿ ತಕ್ಕಡಿ ಇರಲಿಲ್ಲ, ಅವ್ವನ ತಂಬಿಗೆ ಇತ್ತು. ಬೇಡವೆಂದು ಹೇಳುವಳೆಂದು ನಾನು ಮಾತುಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅಕ್ಕ ಬೇಡವೆನ್ನಲಿಲ್ಲ. ಎರಡೂ ಕೈಗಳಲ್ಲಿ ಹಿಡಿದು, ಅಂಚಿನಲ್ಲಿದ್ದ ಸಣ್ಣ ನೆಗ್ಗನ್ನು ಬೆರಳಿನಿಂದ ಸವರಿ, "ಇದು ನನಗೆ ಬೇಕಾಗಿತ್ತು ಕಣೋ. ಅವತ್ತು ಕೇಳಲಿಲ್ಲ, ಅಷ್ಟೇ" ಎಂದಳು. 2011ರಲ್ಲಿ ಬಾಗಿಲ ಬಳಿ ಕುಳಿತಿದ್ದವಳ ಮೌನ ಏನಾಗಿತ್ತೆಂದು ನನಗೆ ಅಂದು ತಿಳಿಯಿತು.

ತಂಬಿಗೆ 24 ತೊಲ. ನಾಲ್ಕು ಪಾಲಿನ ಲೆಕ್ಕದಲ್ಲಿ ಅಕ್ಕನಿಗೆ ಸಲ್ಲಬೇಕಾದದ್ದು 29 ತೊಲ ಮತ್ತು ಕಾಲು. ಉಳಿದ ಐದು ಚಿಲ್ಲರೆ ತೊಲದ ವಿಷಯ ಅಣ್ಣನಿಗೆ ಪತ್ರ ಬರೆದಿದ್ದೇನೆ. ಆತ ಇನ್ನೂ ಉತ್ತರಿಸಿಲ್ಲ. ತಮ್ಮನನ್ನು ಕೇಳುವ ಮುಖ ನನಗಿಲ್ಲ, ಅವನ ಪಾಲಿನಲ್ಲೇ ಕೊರತೆಯಿದೆ.

ನಮ್ಮ ಬಂಧುಗಳಲ್ಲಿ, "ಮಗಳು ಡಾಬು ಹೊಡೆದುಕೊಂಡು ಹೋದಳು" ಎಂದು ಆಡಿದವರೂ ಕೇಳಿದವರೂ ಇದ್ದಾರೆ. ನಾನೂ ಕೇಳಿಕೊಂಡು ಸುಮ್ಮನಿದ್ದವನೇ. ಅವರೆಲ್ಲರೂ ಇದನ್ನು ಓದಲಿ ಎಂಬುದಕ್ಕಾಗಿಯೇ ಬರೆದಿದ್ದೇನೆ. ಶಿಷ್ಯರಿಗೆ ಹೇಳುವುದು ಇಷ್ಟೇ. ಮನೆಯ ಬೆಳ್ಳಿಯ ಲೆಕ್ಕ ಬರೆದಿಡಿ, ತಪ್ಪಿಲ್ಲ. ತೂಕ ಬೇರೆ, ಒಳಗಿನ ಬೆಳ್ಳಿ ಬೇರೆ ಎಂಬುದು ನೆನಪಿರಲಿ. ಹಳೆಯ ನಾಣ್ಯದ ಇಸವಿ ನೋಡಿ, ಹುಣಸೆಹಣ್ಣು ಹಾಕಿ ಅದನ್ನು ತಿಕ್ಕಬೇಡಿ. ಕಣ್ಣಿಂದ ನೋಡದ ವಸ್ತುವನ್ನು ಯಾರ ಹೆಸರಿನ ಮುಂದೆಯೂ ಬರೆಯಬೇಡಿ. ಮನೆಯ ಹಿರಿಯರು ಇನ್ನೂ ಇದ್ದರೆ, ಪ್ರತಿಯೊಂದು ವಸ್ತುವನ್ನು ಅವರ ಕೈಗೆ ಕೊಟ್ಟು, ಇದು ಎಲ್ಲಿಂದ ಬಂತು ಎಂದು ಇಂದೇ ಕೇಳಿ.

ನನ್ನ ಹಾಳೆಯಲ್ಲಿ ಡಾಬಿನ ಸಾಲನ್ನು ನಾನು ಅಳಿಸಿಲ್ಲ. ತೂಕ 38 ತೊಲ. ಬೆಲೆಯ ಚೌಕ ಖಾಲಿ. ಕೊಟ್ಟವರು: ಅಕ್ಕ. ಏತಕ್ಕಾಗಿ: ತಮ್ಮನ ಓದಿಗೆ. ಯಾರ ಬಳಿ ಇದೆ ಎಂಬಲ್ಲಿ ನನ್ನ ಹೆಸರನ್ನು ಬರೆದಿದ್ದೇನೆ.