ಗೋಲದ ಮೇಲೊಂದು ನೂಲು

2021ರ ಜನವರಿ. ಕಾಸರಗೋಡಿನ ನಮ್ಮ ಶಾಲೆಯಲ್ಲಿ ಹತ್ತನೆಯವರು ಮಾತ್ರ ತರಗತಿಗೆ ಬರುತ್ತಿದ್ದರು. ಎಲ್ಲರ ಮುಖಕ್ಕೂ ಮಾಸ್ಕ್. ಮಾತಾಡಿದ್ದು ಯಾರೆಂದು ಕಣ್ಣು ನೋಡಿಯೇ ಊಹಿಸಬೇಕು!

ಒಂದು ದಿನ ಒಬ್ಬ ಹುಡುಗ ಪೇಪರ್ ತಂದಿದ್ದ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ಪೈಲಟ್ ತಂಡ ಏರ್ ಇಂಡಿಯಾ ವಿಮಾನವನ್ನು ಸಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತಂದ ಸುದ್ದಿ. ಎರಡೂ ಊರುಗಳ ನಡುವೆ ನೇರ ದೂರ ಸುಮಾರು 14,000 ಕಿಲೋಮೀಟರ್, ಪ್ರಯಾಣ 17 ಗಂಟೆಗೂ ಹೆಚ್ಚು.

"9ನೇ ತಾರೀಕು ರಾತ್ರಿ ಹೊರಟು 11ಕ್ಕೆ ನಸುಕಿನಲ್ಲಿ ಇಳಿದಿದ್ದಾರೆ. 17 ಗಂಟೆ ಹೇಗೆ ಟೀಚರ್?"

ಇದು ನಮ್ಮ ಪಾಠದಲ್ಲೇ ಇತ್ತು. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ 9ರ ರಾತ್ರಿ ಎಂಟೂವರೆ ಎಂದರೆ ನಮಗೆ 10ರ ಬೆಳಗ್ಗೆ ಹತ್ತು. ಲೆಕ್ಕ ಸರಿಹೋಯಿತು.

"ಮತ್ತೆ, ಧ್ರುವಕ್ಕೆ ಯಾಕೆ ಹೋದದ್ದು? ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಅದು ಎಷ್ಟೋ ಮೇಲೆ ಉಳಿಯುತ್ತದಲ್ಲ?"

ನಾನು "ಗಾಳಿ ಅನುಕೂಲ ಇದ್ದಿರಬೇಕು" ಎಂದು ಹೇಳಿ ಪುಟ ತಿರುಗಿಸಿಬಿಟ್ಟೆ. ಹಿಂದಿನ ಬೆಂಚಿನಿಂದ ಮೆಲ್ಲಗೆ ಕೇಳಿಸಿತು: "ಇಂಗ್ಲಿಷ್ ಮೀಡಿಯಂನವರಿಗೆ ಹೇಳಿಕೊಡ್ತಾರೋ ಏನೋ."

ಅವತ್ತು ಊಟ ರುಚಿಸಲಿಲ್ಲ. ಪ್ಲಸ್ ಟೂಗೆ ಹೋದರೆ ನಮ್ಮ ಮಕ್ಕಳಿಗೆ ಹೇಗೂ ಎಲ್ಲ ಇಂಗ್ಲಿಷಿನಲ್ಲೇ. ಅದಕ್ಕೆ ಮೊದಲೇ ಕನ್ನಡದಲ್ಲಿ ಕಲಿತದ್ದು ಕಡಿಮೆ ಅನ್ನಿಸಿದರೆ? ಗೊತ್ತಿಲ್ಲದ್ದು ನನಗೆ, ಕೆಟ್ಟ ಹೆಸರು ಭಾಷೆಗೆ!

ಮರುದಿನ ಕಪಾಟಿನಿಂದ ಗೋಲ ಇಳಿಸಿದೆ. ಅಡ್ಡಗಲ 30 ಸೆಂಟಿಮೀಟರ್, ಆಫ್ರಿಕಾದ ಮೇಲೆ ಇಲಿ ಕಡಿದ ಗುರುತು. ಭೂಮಿಯ ಸುತ್ತಳತೆ 40,000 ಕಿಲೋಮೀಟರ್, ಗೋಲದ್ದು 94 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್. ಮೊದಲು ಮ್ಯಾಪಿನ ನೇರ ಗೆರೆಯಂತೆಯೇ ಅಟ್ಲಾಂಟಿಕ್, ಸಹಾರಾ, ಅರಬ್ಬೀ ಸಮುದ್ರದ ಮೇಲೆ ನೂಲು ಹಾಸಿದೆವು. 47 ಸೆಂಟಿಮೀಟರ್! ಆಮೇಲೆ ಎರಡೂ ಊರಲ್ಲಿ ಬೆರಳಿಟ್ಟು ನೂಲು ಬಿಗಿಯಾಗಿ ಎಳೆಯಲು ಹೇಳಿದೆ. ಅದು ತಾನಾಗಿ ಜಾರಿ ಅಲಾಸ್ಕ, ಸೈಬೀರಿಯಾದ ಮೇಲೆ ಕೂತಿತು. 33 ಸೆಂಟಿಮೀಟರ್. ಮ್ಯಾಪಿನ ನೇರ ಗೆರೆ 6,000 ಕಿಲೋಮೀಟರ್ ಸುತ್ತುದಾರಿ! ಎರಡು ಊರುಗಳೂ ಭೂಮಿಯ ಹೆಚ್ಚುಕಡಿಮೆ ಎದುರು ಬದಿಗಳಲ್ಲಿರುವುದರಿಂದ ಹತ್ತಿರದ ದಾರಿ ಧ್ರುವದ ಕಡೆಗೇ ಬಾಗುತ್ತದೆ. ಗಾಳಿ ನೋಡಿಕೊಂಡು ವಿಮಾನ ಆಚೀಚೆ ಸರಿಯುವುದೂ ಉಂಟು. ಇದು ಇನ್ನಷ್ಟು ಉತ್ತರಕ್ಕೆ ಸರಿದು ಧ್ರುವವನ್ನೇ ದಾಟಿತ್ತು. (ಗಾಳಿಯ ಮಾತು ಪೂರ್ತಿ ಸುಳ್ಳಾಗಲಿಲ್ಲ, ಬಚಾವ್!)

ಇಂಥ ದಾರಿಗೆ 'ಮಹಾವೃತ್ತ' ಎಂದು ಹೆಸರು ಅಂದೆ. "ನಿನ್ನೆ ನನಗೆ ಗೊತ್ತಿರಲಿಲ್ಲ" ಎಂದೂ ಹೇಳಿದೆ. ಹುಡುಗ ನಗುತ್ತಾ ಬರೆದುಕೊಂಡ. ನಕ್ಕದ್ದು ಅಂತ ಕಣ್ಣಿನಿಂದಲೇ ತಿಳಿದದ್ದು.

ನೂಲು ಗೋಲದಲ್ಲೇ ಉಳಿಯಿತು. ಮುಂದಿನ ವರ್ಷ ಎಂಟನೆಯ ಹುಡುಗಿಯೊಬ್ಬಳು ಅದರಲ್ಲಿ ಮಂಗಳೂರಿನಿಂದ ದುಬೈಗೆ ಅಳೆದಳು. ಆರು ಸೆಂಟಿಮೀಟರೂ ಇಲ್ಲ. ಅವಳ ಅಪ್ಪ ಅಲ್ಲಿಂದ ಬಾರದೆ ಎರಡು ವರ್ಷವಾಗಿತ್ತು.

"ಇಷ್ಟೇನಾ ಟೀಚರ್?" ಅಂದಳು. ಮತ್ತೊಮ್ಮೆ ಅಳೆದಳು.