ಸ್ವಂತ ನೆಲದ ಮರಕ್ಕೆ ಸಾಕ್ಷಿ ಯಾರು?

ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಹೊರಡಿ. ಅಗಸೂರು ದಾಟಿ ಸುಂಕಸಾಳದ ಕಡೆ ಸಾಗಿದಂತೆ ಗದ್ದೆ ಕಿರಿದಾಗುತ್ತದೆ, ಬೆಟ್ಟ ಮೈಮೇಲೆ ಬರುತ್ತದೆ. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿಯಿರಿ. ಮೊದಲು ಅಡಿಕೆ ತೋಟ, ಅದರ ಮೇಲೆ ಬೇಣವೆಂಬ ಹುಲ್ಲುನೆಲ, ಬೇಣದಾಚೆ ಮಾಲ್ಕಿ, ಅಂದರೆ ಸ್ವಂತ ಒಡೆತನದ ಜಮೀನು, ಅದರಾಚೆ ಸರ್ಕಾರಿ ಕಾಡು. ಮಾಲ್ಕಿ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಯಿತೆಂದು ನಿಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಅಲ್ಲೂ ಮತ್ತಿ, ಇಲ್ಲೂ ಮತ್ತಿ. ಅಲ್ಲೂ ಸಾಗುವಾನಿ, ಇಲ್ಲೂ ಸಾಗುವಾನಿ.

ಎಪ್ಪತ್ತು ದಾಟಿದ ಯಜಮಾನರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ. ಇವತ್ತು ಮರ ಎಣಿಸಲು ಅರಣ್ಯ ಇಲಾಖೆಯವರು ಬರುತ್ತಾರೆ. ಮಗಳ ಮದುವೆಗೆ ಆದೀತೆಂದು ಮರ ಕಡಿಯಲು ಅರ್ಜಿ ಕೊಟ್ಟದ್ದು. ಮದುವೆ ಸಾಲ ಮಾಡಿ ಮುಗಿದಿದೆ, ಮರ ನಿಂತಲ್ಲೇ ಇದೆ.

ಜೀಪು ಬರುತ್ತದೆ. ಟೇಪು ಹೊರಬೀಳುತ್ತದೆ. ಎದೆಮಟ್ಟದಲ್ಲಿ ಕಾಂಡ ಸುತ್ತಿ ಸುತ್ತಳತೆ ಕೂಗುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ತೊಗಟೆ ಕೆತ್ತಿ ನಂಬರು ಹಾಕುತ್ತಾರೆ. ಕಾಡಿನ ಅಂಚಿನ ಎರಡು ಮರಗಳ ಹತ್ತಿರ ಟೇಪು ನಿಲ್ಲುತ್ತದೆ.

"ಸಾಹೇಬ್ರೆ, ಇವೂ ನಮ್ಮ ಅಪ್ಪ ನೆಟ್ಟದ್ದೇ."

"ಇರಬಹುದು ಯಜಮಾನ್ರೆ. ಗಡಿಕಲ್ಲು ಎಲ್ಲಿದೆ, ತೋರಿಸಿ."

ಕಲ್ಲು ಸಿಗುವುದಿಲ್ಲ. ಎಷ್ಟೋ ಮಳೆಗಾಲಗಳ ಮಣ್ಣು ಅದರ ಮೇಲಿದೆ. ಇನ್ನು ಕಂದಾಯ ಇಲಾಖೆ, ಅರಣ್ಯ ಇಲಾಖೆ ಎರಡೂ ಸೇರಿ ಜಂಟಿ ಸರ್ವೆ ಆಗಬೇಕು. ಪಹಣಿ, ನಕ್ಷೆ, ಜಮೀನು ಮಂಜೂರಾದ ಹಳೆಯ ಕಾಗದ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಅಣ್ಣತಮ್ಮಂದಿರ ಹೆಸರು ಪಹಣಿಯಲ್ಲಿ ಒಟ್ಟಿಗೇ ಇದ್ದರೆ ಎಲ್ಲರ ಒಪ್ಪಿಗೆಯೂ ಬೇಕು. ಅವರಲ್ಲೊಬ್ಬರು ಮುಂಬೈಯಲ್ಲಿದ್ದರೆ ಕಾಯುವುದು ಇನ್ನಷ್ಟು.

ಕಾನೂನು ಎಲ್ಲಿ ನಿಂತಿದೆ ಎಂಬುದನ್ನು ಇಲ್ಲಿಯೇ, ಈ ಎರಡು ಮರಗಳ ಬುಡದಲ್ಲಿ ನಿಂತು ಕೇಳಿ. ಅರಣ್ಯೋತ್ಪನ್ನ ಯಾರದ್ದೆಂಬ ಪ್ರಶ್ನೆ ಎದ್ದರೆ, ಬೇರೆ ರುಜುವಾತು ಆಗುವ ತನಕ ಅದು ಸರ್ಕಾರದ್ದೆಂದೇ ಭಾವಿಸಬೇಕು ಎನ್ನುತ್ತದೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ನೆಟ್ಟವನೇ ಸಾಕ್ಷಿ ಒದಗಿಸಬೇಕು. 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ನೆಲದ ಮರ ಕಡಿಯಲೂ ಅನುಮತಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದ್ದೇ ಇರಲಿ, ಕಾಡಿನಂತಿರುವುದು ಕಾಡೇ ಎಂದಿತು. ಅಲ್ಲಿಂದ ಮುಂದೆ ಮರ ದಟ್ಟವಾಗಿ ಬೆಳೆಸಿದವನಿಗೇ ಹೆಚ್ಚು ಭಯ.

ಅನುಮತಿ ಸಿಕ್ಕಿತು ಎಂದುಕೊಳ್ಳಿ. ಕಡಿಯುವ ಕಾಲ ಮಳೆ ಬಿಟ್ಟ ಮೇಲೆ, ಮತ್ತೆ ಮಳೆ ಹಿಡಿಯುವುದರೊಳಗೆ. ಜೂನ್ ಬಂತೆಂದರೆ ಗದ್ದೆಯ ದಾರಿಯಲ್ಲಿ ಲಾರಿ ಇಳಿಯುವುದಿಲ್ಲ. ಕಾಗದ ಮೇ ತಿಂಗಳ ಕೊನೆಗೆ ಕೈ ಸೇರಿದರೆ ಒಂದು ವರ್ಷ ಹೋದಂತೆಯೇ. ಕಡಿದು ಬಿಟ್ಟಿದ್ದರೆ ದಿಮ್ಮಿಗೆ ಮಳೆನೀರು ಕುಡಿದು ಬೂಷ್ಟು, ಬಿಳಿಭಾಗಕ್ಕೆ ಹುಳ.

ಗರಗಸ ನಿಂತ ಮೇಲೆ ತುಂಡುಗಳ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೋಡಿ. ಸಾಗುವಾನಿಯ ಹಸಿ ಕೊಯ್ತದಿಂದ ಚರ್ಮ ಹದ ಮಾಡಿದಂಥ ವಾಸನೆ ಏಳುತ್ತದೆ. ಇಲಾಖೆಯವರು ತುದಿಗೆ ಹ್ಯಾಮರ್ ಹೊಡೆಯುತ್ತಾರೆ. ಆ ಮುದ್ರೆ, ಜೊತೆಗೆ ಪಾಸು ಇಲ್ಲದೆ ತುಂಡು ರಸ್ತೆಗೆ ಬರುವಂತಿಲ್ಲ. ವ್ಯಾಪಾರಿ ನಡುವಿನ ಸುತ್ತಳತೆ ಹಿಡಿಯುತ್ತಾನೆ: 1.2 ಮೀಟರ್. ಉದ್ದ 3 ಮೀಟರ್. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸಿದರೆ 0.27 ಘನ ಮೀಟರ್. ಇದು ಮಾರುಕಟ್ಟೆಯ ಲೆಕ್ಕ. ದುಂಡು ದಿಮ್ಮಿಯ ನಿಜವಾದ ಗಾತ್ರ ಸುಮಾರು 0.34. ಐದರಲ್ಲೊಂದು ಪಾಲಿಗಿಂತ ಹೆಚ್ಚು ಅಳತೆಯಲ್ಲೇ ಕಳೆದುಹೋಗುತ್ತದೆ. ಪೊಳ್ಳು, ಗಂಟು, ಡೊಂಕು ಎಂದು ಮತ್ತಷ್ಟು ಕಡಿತ. ನಲವತ್ತು ವರ್ಷಕ್ಕೊಮ್ಮೆ ಮಾರುವವನು, ದಿನವೂ ಕೊಳ್ಳುವವನ ಮುಂದೆ ಏನೆಂದು ಚೌಕಾಶಿ ಮಾಡುತ್ತಾನೆ?

ಲಾರಿ ಹೆದ್ದಾರಿ ಸೇರಿದ ಮೇಲೂ ನಿಶ್ಚಿಂತೆಯಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಪಾಲಾದ ವಾಹನಗಳಲ್ಲಿ ನಾಟಾ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೂ ಒಂದು. ಚಾಲಕನ ದೇಹದೊಂದಿಗೆ ಅದನ್ನು ನದಿಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಬುಡ ಸಡಿಲವಾದ ಈ ಗುಡ್ಡಗಳಿಗೆ ಬೇರು ಬೇಕು ಎಂದು ಅಂದು ಎಲ್ಲರೂ ಹೇಳಿದರು. ಬೇರು ಬಿಡುವ ಮರವನ್ನು ಬೆಳೆಸುವವರು ಯಾರು ಎಂದು ಕೇಳಿದವರು ಕಡಿಮೆ.

ಯಾವ ಮರ ಬೆಳೆಸಿದರೆ ಭಯವಿಲ್ಲ ಎಂದು ನೋಡಲು ಈಗ ಕಾರವಾರದ ಕಡಲತಡಿಗೆ ಬನ್ನಿ. ಇಲ್ಲಿ ಗಾಳಿಮರ ನೆಡಲು ಆರಂಭಿಸಿದ್ದು 1868ರಲ್ಲಿ. ಭಾರತದಲ್ಲಿ ಗಾಳಿಮರದ ನೆಡುತೋಪಿನ ಚರಿತ್ರೆ ಶುರುವಾಗುವುದೇ ಈ ಮರಳಿನಿಂದ. ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಇವೆಲ್ಲ 1976ರ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿವೆ. ಕಡಿಯಲು ಅನುಮತಿ ಬೇಡ. ನಮ್ಮ ಮತ್ತಿ, ಹೊನ್ನೆ, ಬೀಟೆಗೆ ಆ ಭಾಗ್ಯವಿಲ್ಲ. ಇದರ ಫಲ ಏನೆಂದು ಊರೂರಿನಲ್ಲಿ ನೋಡಬಹುದು. ಬೇಣದಲ್ಲಿ ತಾನಾಗಿ ಹುಟ್ಟಿದ ಬೀಟೆಯ ಸಸಿ ಮೊಣಕಾಲೆತ್ತರ ಆಗುವ ಮೊದಲೇ ಕತ್ತಿಗೆ ಸಿಗುತ್ತದೆ. ದೊಡ್ಡದಾದರೆ ಮರ ತನ್ನದಲ್ಲ, ನೆಲವೂ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ರೈತನಿಗೆ. ಹೊನ್ನಳ್ಳಿಯ ತುಳಸಿ ಗೌಡ ಅವರು ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಬೀಜ ಆಯ್ದು, ಸಸಿ ಮಾಡಿ, ಪದ್ಮಶ್ರೀ ಪಡೆದ ಅಂಕೋಲೆ ತಾಲೂಕಿನಲ್ಲಿ ನಾಡಮರ ಬೆಳೆಸುವ ರೈತನಿಗೆ ಧೈರ್ಯವಿಲ್ಲ.

ಕಾನೂನು ಸುಮ್ಮನೆ ಬಿಗಿಯಾದದ್ದಲ್ಲ. ಮಾಲ್ಕಿ ಪಾಸಿನ ನೆರಳಿನಲ್ಲಿ ಸರ್ಕಾರಿ ಕಾಡಿನ ಮರ ಸಾಗಿಸಿದವರು ಇದ್ದಾರೆ. ಅವರನ್ನು ಹಿಡಿಯಲೇಬೇಕು. ಆದರೆ ಕಳ್ಳನಿಗೆ ಹಾಕಿದ ಬೇಲಿಯೊಳಗೆ ಮರ ಬೆಳೆಸಿದವನೇ ಸಿಕ್ಕಿಬಿದ್ದರೆ ಕಾಡಿಗೂ ಲಾಭವಿಲ್ಲ, ನಾಡಿಗೂ ಲಾಭವಿಲ್ಲ. ನಮ್ಮ ಮನೆಗಳ ಬಾಗಿಲಿಗೆ ಹೊರದೇಶದ ನಾಟಾ ಬರುತ್ತದೆ.

ದಾರಿ ಇಲ್ಲದಿಲ್ಲ. ರೈತನ ಹಿತ್ತಲಿನ ಶ್ರೀಗಂಧವೂ ಸರ್ಕಾರದ್ದೇ ಎಂಬ ಕಾಲ ಹೋಗಿ, 2001ರ ತಿದ್ದುಪಡಿಯಿಂದ ಅದು ನೆಲದ ಒಡೆಯನದ್ದಾಯಿತು. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, ಬದುಕಿದ ಪ್ರತಿ ಸಸಿಗೆ ಮೂರು ವರ್ಷ ಹಣ ಕೊಡುತ್ತದೆ. ನೆಡುವಾಗ ಸಸಿ ಎಣಿಸಿ ಹಣ ಕೊಡುವ ಸರ್ಕಾರ, ಅದೇ ಎಣಿಕೆಯನ್ನು ಪಹಣಿಗೆ ಏರಿಸಲಿ. ಮರಗಳ ಹೆಸರು, ಸಂಖ್ಯೆ ಬರೆಯಲು ಅಲ್ಲಿ ಜಾಗವಿದೆ. ಹಾಗೆ ದಾಖಲಾದ ನಾಡಮರಕ್ಕೆ ನಾಳೆ ಬೇರೆ ಸಾಕ್ಷಿ ಕೇಳಬಾರದು. ಮಳೆ ಬಿಟ್ಟಾಗ ಕೊಟ್ಟ ಅರ್ಜಿಗೆ ಬೇಸಿಗೆಯೊಳಗೆ ಹೌದೋ ಅಲ್ಲವೋ ಎಂಬ ಉತ್ತರ ಸಿಗಬೇಕು. ಕಾಡಂಚಿನ ಮಾಲ್ಕಿ ಜಮೀನುಗಳ ಗಡಿಯನ್ನು ಯಾರೂ ಅರ್ಜಿ ಹಾಕುವ ಮೊದಲೇ ಅಳೆದು ಕಲ್ಲು ನೆಡಬೇಕು.

ಮಾಲ್ಕಿ ಇರುವವರಿಗೆ ಒಂದು ಮಾತು: ಈ ಮಳೆಗಾಲದಲ್ಲಿ ಬೀಟೆಯ ಸಸಿ ಕಂಡರೆ ಕಡಿಯಬೇಡಿ. ಪಹಣಿಯಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಅದರ ಹಕ್ಕು ಕೇಳಿ.