ಯುರೋಪಿನವರ ಹಾಡಿನ ಜಾತ್ರಿ

ನಮ್ಮ ಕಾಲದಾಗ ಕನ್ಯಾ ನೋಡ್ಲಿಕ್ಕೆ ಬಂದವರು ಅವಲಕ್ಕಿ, ಉಂಡಿ ತಿಂದು ಕೈ ಒರಸಿಕೊಂಡ ಮ್ಯಾಲೆ ಕೇಳ್ತಿದ್ದ ಮೊದಲನೇ ಪ್ರಶ್ನೆ ಅಂದ್ರ, 'ಹಾಡು ಬರ್ತದೇನವಾ?' ಹುಡಗಿ ತಲಿ ಬಗ್ಗಿಸಿ ಒಂದು ದೇವರನಾಮ ಹಾಡಬೇಕು, ಅವರು ತಲಿ ಅಲ್ಲಾಡಸಬೇಕು, ಆಮ್ಯಾಲೆ ಊರಿಗೆ ಹೋಗಿ ಕಾಗದ ಬರೀಬೇಕು. ಹಾಡಿಗೂ ಸಂಸಾರಕ್ಕೂ ಏನು ಸಂಬಂಧ ಅಂತ ಯಾರೂ ಕೇಳ್ತಿದ್ದಿಲ್ಲ. ಹುಡಗಿ ಬದಲಿಗೆ ಒಂದೊಂದು ದೇಶನೇ ವರ್ಷಕ್ಕೊಮ್ಮೆ ಹಿಂಗ ಸಿಂಗಾರ ಮಾಡ್ಕೊಂಡು ಬಂದು, ಮೂರು ನಿಮಿಷ ಹಾಡಿ, ಬಾಜೂ ದೇಶದವರು ಏನಂತಾರೋ ಅಂತ ಉಸಿರು ಬಿಗಿ ಹಿಡದು ಕೂತ್ರ ಹೆಂಗಿರ್ತದ? ಅದಕ್ಕ ಯುರೋವಿಷನ್ ಅಂತಾರ ನೋಡ್ರಿ.

ನಾ ಇದನ್ನ ನೋಡಿದ್ದು 2023ರ ಮೇ ತಿಂಗಳದಾಗ, ಮಗಳ ಎರಡನೇ ಬಾಣಂತನಕ್ಕಂತ ಸ್ಟಾಕ್‌ಹೋಮಿಗೆ ಹೋದಾಗ. ಬಾಣಂತನದಾಗ ಹಗಲು ರಾತ್ರಿ ಎರಡೂ ಒಂದ. ಅದರಾಗ ಆ ಊರಾಗ ರಾತ್ರಿ ಒಂಬತ್ತಾದ್ರೂ ಹೊರಗ ಇನ್ನೂ ಬೆಳಕು, ದೇವರ ಮುಂದ ದೀಪ ಹಚ್ಚೋ ಹೊತ್ತು ಯಾವದು ಅನ್ನೋದ ತಿಳೀತಿದ್ದಿಲ್ಲ. ಮೇ 13, ಶನಿವಾರ, 'ಅಮ್ಮಾ, ಇವತ್ತ ಲಗೂ ಮಲ್ಕೋಬ್ಯಾಡ, ಇಡೀ ದೇಶನೇ ಎಚ್ಚರಿರ್ತದ' ಅಂದ್ಲು ಮಗಳು. ಇಲ್ಲಿಯವರು ತಮ್ಮ ದೇಶದ ಹಾಡು ಆರಸ್ಲಿಕ್ಕೇ ಫೆಬ್ರುವರಿಯಿಂದ ವಾರಗಟ್ಟಲೆ ಬ್ಯಾರೆ ಸ್ಪರ್ಧಾ ಇಡ್ತಾರಂತ. ಕೂಸಿಗೆ ಹಾಲು ಕುಡಿಸಿ ಮಲಗಿಸಿ ನಾವು ಮೂರೂ ಮಂದಿ ಟಿವಿ ಮುಂದ ಕೂತ್ವಿ. ಮೂರು ವರ್ಷದ ಪುಟ್ಟಿ ನನ್ನ ತೊಡಿ ಮ್ಯಾಲೆ, ಮಲಗು ಅಂದ್ರ ಕೇಳಲಿಲ್ಲ.

ಇದು ಸುರು ಆಗಿದ್ದು 1956ರಾಗ, ಸ್ವಿಟ್ಜರ್‌ಲೆಂಡಿನ ಲುಗಾನೋ ಅನ್ನೋ ಊರಾಗ. ಯುದ್ಧ ಮುಗದು ಹತ್ತು ಹನ್ನೊಂದು ವರ್ಷ ಆಗಿತ್ತು. ಬ್ಯಾರೆ ಬ್ಯಾರೆ ದೇಶದ ಟಿವಿಗಳನ್ನ ಒಂದ ಹೊತ್ತಿಗೆ ಜೋಡಸ್ಲಿಕ್ಕೆ ಆಗ್ತದೋ ಇಲ್ಲೋ ನೋಡೋಣು ಅಂತ ಅಲ್ಲಿಯ ರೇಡಿಯೋ ಟಿವಿಯವರ ಒಕ್ಕೂಟ ಮಾಡಿದ ಪ್ರಯೋಗ. ಮೊದಲ ಬಂದದ್ದು ಬರೇ 7 ದೇಶ. ಗೆದ್ದದ್ದು ಯಾರು? ಸ್ವಿಟ್ಜರ್‌ಲೆಂಡೇ! ಮನಿಯೊಳಗ ಹಳದಿ ಕುಂಕುಮ ಇಟಗೊಂಡು ರಂಗೋಲಿ ಸ್ಪರ್ಧಾದ ಬಹುಮಾನ ತಾನ ತೊಗೊಂಡಂಗ. ನಾ ನೋಡಿದ ವರ್ಷ 37 ದೇಶ ಇದ್ವು, ಫೈನಲ್ಲಿಗೆ 26.

ಅದರಾಗ ರೊಕ್ಕ ಹೆಚ್ಚು ಕೊಡೋ ಐದು ದೇಶ, ಇಂಗ್ಲೆಂಡಿನವರು, ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್, ಸೆಮಿಫೈನಲ್ ದಾಟೂ ತ್ರಾಸಿಲ್ಲದ ನೆಟ್ಟಗ ಫೈನಲ್ಲಿಗೆ. ಮದವಿಯೊಳಗ ದೊಡ್ಡ ಆಹೇರ ಮಾಡಿದವರನ್ನ ಮೊದಲನೇ ಪಂಕ್ತಿಗೆ ಕೂಡಿಸಿದಂಗ. ಆದರ ಮೊದಲನೇ ಪಂಕ್ತಿಗೆ ಕೂತ ಮಾತ್ರಕ್ಕ ಹೋಳಿಗಿ ಜಾಸ್ತಿ ಬೀಳಬೇಕಂತಿಲ್ಲ ಬಿಡ್ರಿ. ಆ ವರ್ಷ ಜರ್ಮನಿ 26ನೇದು, ಇಂಗ್ಲೆಂಡು 25ನೇದು. ಪಾಪ, ಇಂಗ್ಲೆಂಡಿನವರು ತಮ್ಮ ಲಿವರ್‌ಪೂಲಿನಾಗ ಚಪ್ಪರ ಹಾಕಿ, ಎಲ್ಲಾರಿಗೂ ಬಡಿಸಿ, ಕಡೀಕೆ ಖಾಲಿ ಪಾತ್ರಿ ನೋಡಿದಂಗಾತು.

ಹಾಡೋರ ಅವತಾರ ಏನು ಹೇಳ್ಲಿ. ಕ್ರೊಯೇಷಿಯಾದ ಗಂಡಸ್ರು, ನನಕಿಂತ ಸಣ್ಣವರೇನಲ್ಲ, ಮಿಲಿಟರಿ ಅಂಗಿ ಹಾಕ್ಕೊಂಡು ಬಂದ್ರು, ನಡಬರಕ ಎರಡು ರಾಕೆಟ್ ತಂದು ನಿಲ್ಲಿಸಿದ್ರು, ಹಾಡು ಮುಗಿಯೋದರಾಗ ಅಂಗಿ ಪ್ಯಾಂಟು ಕಳದು ಒಳ ಚಡ್ಡಿಯೊಳಗ ನಿಂತ್ರು. ನಾ ಅಳಿಯಂದ್ರ ಮುಂದ ಎಲ್ಲಿ ನೋಡ್ಲಿ ಅಂತ ಪುಟ್ಟಿ ಜಡಿ ಹೆಣಿಲಿಕ್ಕೆ ಸುರು ಮಾಡಿದೆ. ಅದು ಯುದ್ಧದ ವಿರುದ್ಧ ಹಾಡು ಅಂತ ಮಗಳು ಹೇಳಿದ್ಲು. ಇರಬಹುದು. ಸ್ವೀಡನ್ನಿನ ಲೋರೀನ್ ಅನ್ನಾಕಿ ಎರಡು ದೊಡ್ಡ ಚಚ್ಚೌಕ ಹಾಸಿನ ನಡುವ ಮಲಕೊಂಡು ಹಾಡಿದ್ಲು, ಮ್ಯಾಲಿನ ಹಾಸು ನಿಧಾನಕ್ಕ ಎದ್ದಿತು. ಬೀಸೋಕಲ್ಲಿನ ನಡುವ ಸಿಕ್ಕ ಜ್ವಾಳದಂಗ. ಉಗರು ನೋಡಿದ್ರ ಗೇಣುದ್ದ. ಹಾಡು ಛಲೋನ ಇತ್ತು, ಖರೇ, ಆದರ ನನ್ನ ಲಕ್ಷ್ಯ ಎಲ್ಲಾ, ಇಷ್ಟುದ್ದ ಉಗರು ಇಟಗೊಂಡು ಈಕಿ ಕಣಕ ಹೆಂಗ ನಾದ್ತಾಳ ಅಂತ. ಇನ್ನ ಫಿನ್‌ಲೆಂಡಿನ ಕ್ಯಾರಿಯಾ ಅನ್ನಾಂವಗ ಹಸರು ಬಣ್ಣದ ಉಬ್ಬಿದ ತೋಳು ಅಷ್ಟ. ಟೇಲರ್ ತೋಳು ಹೊಲದು ಮುಂದಿನ ಭಾಗ ಮರತಾನೇನೋ ಅನ್ನಹಂಗ, ಎದಿ ಹೊಟ್ಟಿ ಎಲ್ಲಾ ಬಯಲು. ಅವನ ಹಾಡಿನ ಹೆಸರು 'ಚಾ ಚಾ ಚಾ'. ನಾ ಅಡಗಿಮನಿ ಕಡೆ ಏಳ್ಲಿಕ್ಕೆ ಹತ್ತಿದ್ದೆ, 'ಅಮ್ಮಾ, ಅದು ಕುಡಿಯೋ ಚಾ ಅಲ್ಲ, ಡಾನ್ಸಿನ ಹೆಸರು' ಅಂತ ಮಗಳು ನಕ್ಕೋತ ಕೂಡಿಸಿದ್ಲು.

ನಗೋದೆಲ್ಲಾ ಒಮ್ಮೆ ನಿಂತದ್ದು ಯುಕ್ರೇನಿನ ಇಬ್ಬರು ಹುಡುಗ್ರು ಬಂದಾಗ. ಹಿಂದಿನ ವರ್ಷ ಗೆದ್ದದ್ದು ಅವರ ದೇಶನೇ, ತಾಯಿ ಮ್ಯಾಲೆ ಕಟ್ಟಿದ ಹಾಡಿಗೆ. ಗೆದ್ದ ಟ್ರೋಫಿನ 9 ಲಕ್ಷ ಡಾಲರಿಗೆ ಹರಾಜು ಹಾಕಿ, ಆ ರೊಕ್ಕ ಸೈನ್ಯಕ್ಕ ಡ್ರೋನ್ ಕೊಳ್ಳಿಕ್ಕೆ ಕೊಟ್ರು. ಯುದ್ಧ ನಡದಿತ್ತು ಅಂತನ ಅವರ ಪರವಾಗಿ ಲಿವರ್‌ಪೂಲಿನಾಗ ನಡಸಿದ್ದು. ಈ ಇಬ್ಬರು ಹಾಡಿದ ರಾತ್ರಿನೇ ಅವರ ಊರು ತೆರ್ನೋಪಿಲ್ ಮ್ಯಾಲೆ ಕ್ಷಿಪಣಿ ಬಿದ್ವು. ಅಲ್ಲಿ ಅವರ ಅಮ್ಮಂದ್ರು ಟಿವಿ ಮುಂದ ಕೂತಿದ್ರೋ, ನೆಲಮನಿಯೊಳಗ ಕೂತಿದ್ರೋ. ಹತ್ತು ನಿಮಿಷಕ್ಕ ಮತ್ತ ಇನ್ಯಾರೋ ಮಿಣಿಮಿಣಿ ಅಂಗಿ ಹಾಕ್ಕೊಂಡು ಬಂದು ಕುಣದ್ರು. ಇದರ ಹುಚ್ಚುತನ ಅಂದ್ರ ಅದೂ ಹೌದು.

ಮಾರ್ಕ್ಸ್ ಹಾಕೋ ಲೆಕ್ಕ ಕೇಳ್ರಿ. ಪ್ರತಿ ದೇಶ 1ರಿಂದ 8, ಆಮ್ಯಾಲೆ 10, ಆಮ್ಯಾಲೆ 12. ಒಂಬತ್ತು, ಹನ್ನೊಂದು ಎಲ್ಲಿ ಹೋದ್ವು ಅಂದ್ರ ಇಲ್ಲ, ಅಷ್ಟ. ತನ್ನ ದೇಶಕ್ಕ ತಾ ವೋಟು ಹಾಕೂಹಂಗಿಲ್ಲ. ಇದು ನನಗ ಸೇರಿತು. ತನ್ನ ಮಗಳ ಹಾಡು ತಾನ ಹೊಗಳೋದಕ್ಕ ಏನು ಕಿಮ್ಮತ್ತು? ಬೀಗರು ಹೊಗಳಬೇಕು. ಆದರ ಬೀಗರೂ ಏನು ಕಡಿಮಿ ಅಲ್ಲ, ಗ್ರೀಸ್ ಮತ್ತ ಸೈಪ್ರಸ್ ವರ್ಷಾನುಗಟ್ಟಲೆ ಒಬ್ಬರಿಗೊಬ್ಬರು ಹನ್ನೆರಡು ಕೊಟಗೋತ ಬಂದಾರ. ನೀ ನನ್ನ ಮಗಳ ಮದವಿಗೆ ಜರದ ಸೀರಿ ಕೊಟ್ಟಿ, ನಾ ನಿನ್ನ ಮಗಳಿಗೆ ಹತ್ತೀ ಸೀರಿ ಕೊಟ್ರ ನಡೀತದೇನು? ಸ್ಪರ್ಧಾದಾಗ ಇಲ್ಲದ ದೇಶದವರೂ ಆನ್‌ಲೈನ್ ವೋಟು ಹಾಕೋ ಪದ್ಧತಿ ಅದ ವರ್ಷ ಸುರು ಮಾಡಿದ್ರು. ಆದರ ಉಳದ ಜಗತ್ತೆಲ್ಲಾ ಕೂಡಿ ಒಂದ ದೇಶದ ಲೆಕ್ಕ. ಸ್ಯಾನ್ ಮರೀನೋ ಅಂತ ಒಂದು ದೇಶ ಅದ, ಮಂದಿ 30ರಿಂದ 35 ಸಾವಿರ, ಅದಕ್ಕೂ ಅಷ್ಟ ತೂಕ, ಉಳದ ಜಗತ್ತಿಗೂ ಅಷ್ಟ.

ಇಷ್ಟೆಲ್ಲಾ ನಗಿ ಮಾತು. ನನಗ ಹತ್ತಿದ್ದು ಬ್ಯಾರೆ. ಹಾಡಿನ ನಡುವ ನಾ ಸುಮ್ಮನ ಕೇಳಿದೆ, 'ಅಲ್ಲವಾ, ಇವರೆಲ್ಲಾ ಬ್ಯಾರೆ ಬ್ಯಾರೆ ದೇಶದವರು, ಇಂಗ್ಲಿಷಿನಾಗ ಯಾಕ ಹಾಡ್ತಾರ?' ಮೊದಲು ತಮ್ಮ ದೇಶದ ಭಾಷಾದಾಗ ಹಾಡಬೇಕು ಅನ್ನೋ ಕಟ್ಟಳಿ ಇತ್ತಂತ. 1973ರಿಂದ ನಾಲ್ಕು ವರ್ಷ ಸಡಲ ಬಿಟ್ಟಿದ್ರು, ಸ್ವೀಡನ್ನಿನ ಆಬಾ ತಂಡ 1974ರಾಗ ಇಂಗ್ಲಿಷ್ ಹಾಡು ಹಾಡಿ ಗೆದ್ದದ್ದು ಆ ಸಂದಿಯೊಳಗ. ಮತ್ತ ಕಟ್ಟಳಿ ತಂದ್ರು, 1999ರಾಗ ಪೂರಾ ತಗದ್ರು. ಅಲ್ಲಿಂದ ಮುಂದ ಬಹಳಷ್ಟು ಮಂದಿ ಇಂಗ್ಲಿಷ್ ಕಡೆ ಓಡಿದ್ರು. ಎಲ್ಲಾರಿಗೂ ತಿಳಿಯೋ ಭಾಷಾದಾಗ ಹಾಡಿದ್ರ ವೋಟು ಬರ್ತಾವ ಅಂತ.

ಈ ಮಾತು ನನಗ ಯಾಕ ಚುಚ್ಚಿತು ಅಂದ್ರ, ಅದ ವಾರ ಮಗಳು ನನಗೊಂದು ಮಾತು ಹೇಳಿದ್ಲು. 'ಅಮ್ಮಾ, ಪುಟ್ಟಿ ಜೋಡಿ ಸ್ವಲ್ಪ ಪುಸ್ತಕದ ಕನ್ನಡ ಮಾತಾಡು. ಸ್ಕೂಲಿನಾಗ ಸ್ವೀಡಿಷ್, ಅವರಪ್ಪಂದು ಮೈಸೂರು ಕನ್ನಡ, ನಿಂದು ಇನ್ನೊಂದು. ಕೂಸಿಗೆ ಗೊಂದಲ ಆಗ್ತದ.' ಹೇಳಿದ್ದು ಯಾವ ಕನ್ನಡದಾಗ? ನಾ ಕಲಿಸಿದ್ದರಾಗನ! ಅಳಿಯಂದ್ರು ಏನೂ ಅನ್ನಲಿಲ್ಲ, ಅವರು ಸಂಭಾವಿತರು. ನಾ ಸಾರಿಗೆ ಒಗ್ಗರಣಿ ಹಾಕ್ಕೋತ ಸುಮ್ಮನಾದೆ. ಪುಟ್ಟಿಗೆ ನಾ 'ಇಲ್ಲಿ ಬಾರವಾ, ಕೂಡು, ಉಣ್ಣು' ಅಂದದ್ದೆಲ್ಲಾ ತಿಳೀತಿತ್ತು. ಬರ್ತಿದ್ಲು, ಕೂಡ್ತಿದ್ಲು, ಉಣ್ತಿದ್ಲು. ಉತ್ತರ ಮಾತ್ರ ಸ್ವೀಡಿಷಿನಾಗ. ಆ ದೇಶದಾಗ ದೊಡ್ಡ ಸಾಲಿಗೆ ಹೋದ ಮ್ಯಾಲೆ ಮನಿ ಭಾಷಾ ಕಲಸ್ತಾರಂತ, ಐದು ಮಕ್ಕಳರ ಇರಬೇಕು, ಕಲಸೋರು ಸಿಗಬೇಕು. ಕನ್ನಡಕ್ಕ ಐದು ಮಕ್ಕಳು ಸಿಗಬಹುದು. ನಮ್ಮನಿ ಕನ್ನಡಕ್ಕ ಮಾಸ್ತರ ಎಲ್ಲಿಂದ ತರೋದು?

ಮರುದಿನದಿಂದ ಕೂಸಿಗೆ ಎಣ್ಣಿ ಹಚ್ಚಿ ಎರದ ಮ್ಯಾಲೆ ಮಗಳು ಮಲಗಿದಾಗ, ನಾ ಯೂಟ್ಯೂಬಿನಾಗ ಹಳೇ ಹಾಡು ಹುಡುಕಿ ನೋಡಿದೆ. ಹಿಂದಿನ ಕಥಿ ಕೆಲವು ಅಳಿಯಂದ್ರು ಹೇಳಿದ್ರು. 2003ರಾಗ ಬೆಲ್ಜಿಯಂ ಒಂದು ಹಾಡು ಕಳಿಸಿತ್ತಂತ, ಅದರ ಭಾಷಾ ಯಾವದೂ ಅಲ್ಲ, ಹಾಡಿಗಂತ ಹುಟ್ಟಿಸಿಕೊಂಡ ಶಬ್ದ. ಜಗತ್ತಿನಾಗ ಯಾರ ಮನಿಯೊಳಗೂ ಆ ಭಾಷಾದಾಗ ಒಂದು ಲೋಟ ನೀರು ಕೇಳಂಗಿಲ್ಲ. ಅದು ಎರಡನೇ ನಂಬರ! ಗೆದ್ದ ಟರ್ಕಿಗೆ 167, ಇದಕ್ಕ 165. ಮುಂದಿನ ವರ್ಷನೇ ಎಸ್ಟೋನಿಯಾದವರು ವೋರೋ ಅನ್ನೋ ತಮ್ಮ ಆಡುಭಾಷಾದಾಗ ಹಾಡು ಕಳಿಸಿದ್ರು, ನಾವು ನೀವು ಇಲ್ಲೆ ನಮ್ಮ ಭಾಷಾದಾಗ ಬರದಂಗ. ಅದು ಸೆಮಿಫೈನಲ್ ದಾಟಲಿಲ್ಲ. ಯಾರೂ ಆಡದ ಭಾಷಾಕ್ಕ ಬೆಳ್ಳಿ ತಾಟು, ಅಜ್ಜಿ ಆಡೋ ಭಾಷಾಕ್ಕ ಹೊಸ್ತಲದಾಗ ನಿಲ್ಲು ಅಂತ. ನನಗ ಭಾಳ ಸಿಟ್ಟು ಬಂತು, ಯಾರ ಮ್ಯಾಲೆ ಅಂತ ಕೇಳಬ್ಯಾಡ್ರಿ.

ಆಮ್ಯಾಲೆ ಸಿಕ್ಕರು ನೋಡ್ರಿ ನಮ್ಮ ಅಜ್ಜಿಗೋಳು. 2012, ಬಾಕು ಊರಾಗ, ರಷ್ಯಾದಿಂದ ಬುರಾನೊವೊ ಅನ್ನೋ ಹಳ್ಳಿಯವರು. ಆರು ಮಂದಿ ಅಜ್ಜಿಗೋಳು, ತಲಿಗೆ ವಸ್ತ್ರ ಕಟಗೊಂಡು, ಕೊರಳಾಗ ನಾಣ್ಯದ ಸರ, ವೇದಿಕಿ ಮ್ಯಾಲೆ ಖರೇಖರೇ ಒಲಿ ಇಟಗೊಂಡು, ಹಾಡಿನ ನಡುವ ಅದರಾಗಿಂದ ತಿನಿಸಿನ ತಾಟು ತಗದ್ರು. ಭಾಷಾ ಉದ್ಮುರ್ತ್, ಅವರ ಮನಿ ಭಾಷಾ, ನಡುವ ಒಂಚೂರು ಇಂಗ್ಲಿಷ್. ಯಾಕ ಬಂದ್ರಿ ಅಂದ್ರ ಊರಾಗಿನ ಚರ್ಚ್ ಮತ್ತ ಕಟ್ಟಸ್ಲಿಕ್ಕೆ ರೊಕ್ಕ ಬೇಕು ಅಂದ್ರಂತ. ಅವರಿಗೂ ಎರಡನೇ ನಂಬರ ಬಂತು, ಆ ವರ್ಷ ಗೆದ್ದಾಕಿನೂ ಇದ ಉದ್ದ ಉಗರಿನ ಲೋರೀನ್. ನಾ ಆ ವಿಡಿಯೋ ಎಷ್ಟು ಸಲ ನೋಡಿದೆ ಅಂದ್ರ ಫೋನು ಬಿಸಿ ಆತು. ಒಬ್ಬಾಕಿ ಅಂತೂ ಗಿಡ್ಡಕ್ಕ ಇದ್ಲು, ನಕ್ರ ಥೇಟ್ ನಮ್ಮ ಸೋದರತ್ತಿ. ಈಗ ಅವರ ದೇಶಕ್ಕ ಆ ವೇದಿಕಿನೇ ಇಲ್ಲ, ಯುಕ್ರೇನ್ ಮ್ಯಾಲೆ ಏರಿ ಹೋಗಿದ್ದಕ್ಕ 2022ರಿಂದ ಹೊರಗ. ಅದು ನ್ಯಾಯನೇ. ಆದರೂ ಆ ಒಲಿ ನೆನಪಾದ್ರ ಹೊಟ್ಟ್ಯಾಗ ಒಂಥರಾ ಆಗ್ತದ.

ಮತ್ತ ಆ ಶನಿವಾರದ ರಾತ್ರಿಗೆ ಬರ್ತೀನಿ. ಮಾರ್ಕ್ಸ್ ಎರಡು ಭಾಗ, ತಜ್ಞರದ್ದು ಒಂದು, ಜನರದ್ದು ಒಂದು. ತಜ್ಞರು ಲೋರೀನಗ 340 ಕೊಟ್ರು, ಫಿನ್‌ಲೆಂಡಿನ ಹಸರು ತೋಳಿನಾಂವಗ 150. ಒಳಗ ಕೂತ ಮಂದಿ ತಜ್ಞರ ಮಾತ ಕೇಳವಲ್ರು, 'ಚಾ ಚಾ ಚಾ' ಅಂತ ಒಂದ ಸವನ ಕೂಗ್ಲಿಕ್ಕೆ ಹತ್ತಿದ್ರು. ಪುಟ್ಟಿನೂ ತೊಡಿ ಮ್ಯಾಲೆ ಜಿಗದು ಕೂಗಿದ್ಲು, ಕೂಸು ಎದ್ದಿತು. ಜನರ ವೋಟು ಬಂದಾಗ ಅವಗ 376, ಲೋರೀನಗ 243. ಅಂವ ಹಾಡಿದ್ದು ಫಿನ್ನಿಷ್ ಭಾಷಾದಾಗ, ಆ ದೇಶದ ಹೊರಗ ಎಷ್ಟು ಮಂದಿಗೆ ತಿಳೀತದ? ಆದರೂ ವೋಟು ಹಾಕಿದ್ರು. ಒಟ್ಟು ಕೂಡಿಸಿದ್ರ 583ಕ್ಕ 526, ಸ್ವೀಡನ್ ಗೆದ್ದಿತು, ಇಂಗ್ಲಿಷ್ ಹಾಡಿಗೆ. ಕೆಳಗಿನ ಮನಿಯವರು ಚಪ್ಪಾಳಿ ಹೊಡದ್ರು.

'ನೋಡಮ್ಮಾ' ಅಂದ್ಲು ಮಗಳು, 'ಲೋರೀನ್ ಅಪ್ಪ ಅಮ್ಮ ಮೊರಾಕ್ಕೊದ ಬೆರ್ಬರ್ ಮಂದಿ. ಹೊರಗಿನಿಂದ ಬಂದವರ ಮಗಳು ಸ್ವೀಡನ್ನಿಗೆ ಎರಡು ಸಲ ಗೆದ್ದು ಕೊಟ್ಲು. ನಾಳೆ ನಮ್ಮ ಪುಟ್ಟಿನೂ ಹಾಡಬಹುದು.'

'ಹಾಡ್ಲೆವ್ವಾ' ಅಂದೆ, 'ಯಾವ ಭಾಷಾದಾಗ?'

ಮಗಳು ಕೂಸಿನ್ನ ಹೆಗಲಿಗೆ ಹಾಕ್ಕೊಂಡು ಬೆನ್ನು ತಟ್ಟಿಕೋತ ಕಿಟಕಿ ಕಡೆ ಹೋದ್ಲು. ಗಂಟಿ ಒಂದಾಗಿತ್ತು. ಅಳಿಯಂದ್ರು ಟಿವಿ ಆರಿಸಿ, 'ಅತ್ತೆ, ನೀವು ಮಾತಾಡೋ ಹಾಗೇ ಮಾತಾಡಿ ಅವಳ ಹತ್ರ' ಅಂದ್ರು ಮೆಲ್ಲಗ, ತಮ್ಮ ಮೈಸೂರು ಕನ್ನಡದಾಗ. ಮಗಳಿಗೂ ಕೇಳಿಸಿತು, ಏನೂ ಅನ್ನಲಿಲ್ಲ.

ಒಂದು ವಾರ ಆದ ಮ್ಯಾಲೆ ಬೆಳಿಗ್ಗೆ ಚಾಕ್ಕ ಇಟ್ಟಿದ್ದೆ, ಅಲ್ಲಾ ಜಜ್ಜಿ ಹಾಕಿದ್ದೆ. ಪುಟ್ಟಿ ಚೊಣ್ಣದ ಮ್ಯಾಲೇ ಎದ್ದು ಬಂದು ನನ್ನ ಸೀರಿ ಸೆರಗು ಜಗ್ಗಿ, 'ಅಜ್ಜೀ, ನನಗ ಚಾ' ಅಂದ್ಲು. 'ನನಗೆ' ಅಲ್ಲ, 'ನನಗ'. ಮೂರು ವರ್ಷದ ಹುಡುಗಿಗೆ ಚಾ ಕೊಡಬಾರದು ಅಂತ ಒಳಗಿನಿಂದ ಮಗಳು ಒದರಿದ್ಲು. ಅರ್ಧ ಲೋಟ ಹಾಲಿಗೆ ಎರಡು ಚಮಚ ಚಾ ಹಾಕಿ ಆರಿಸಿ ಕೊಟ್ಟೆ. ಗಟಗಟ ಕುಡದು, ಮೀಸಿ ಒರಸಿಕೊಂಡು, 'ಇನ್ನೊಂಚೂರು ಹಾಕ' ಅಂದ್ಲು.